ಎಸ್‌ವೈಸಿ: ಡೀಲರ್ ಹೆಸರಿನ ಬ್ಯಾಡ್ಜ್

1969ರ ಕೆಲವು ಷೆವ್ರೊಲೆ ಕಮಾರೋ ಅನ್ನುವ ಅಮೆರಿಕದ ಕಾರುಗಳ ಸೀಟಿನ ತಲೆದಿಂಬು ನೋಡಿ. ಮೂರು ಇಂಗ್ಲಿಷ್ ಅಕ್ಷರ ಇರುತ್ತವೆ: ಎಸ್, ವೈ, ಸಿ. ಆ ಕಡೆ ಈ ಕಡೆಯ ಎಸ್, ಸಿ ಚಿಕ್ಕವು. ನಡುವಿನ ವೈ ದೊಡ್ಡದು. ಓದುವಾಗ ಆ ದೊಡ್ಡ ಅಕ್ಷರದಿಂದಲೇ ಶುರು ಮಾಡಬೇಕು: ಯೆಂಕೋ ಸೂಪರ್ ಕಾರ್.

ಯೆಂಕೋ ಅನ್ನುವುದು ಕಾರು ಕಂಪನಿಯಲ್ಲ. ಪೆನ್ಸಿಲ್ವೇನಿಯಾದ ಕ್ಯಾನನ್ಸ್‌ಬರ್ಗ್ ಅನ್ನುವ ಚಿಕ್ಕ ಊರಲ್ಲಿ ಷೆವ್ರೊಲೆ ಮಾರುತ್ತಿದ್ದ ಡೀಲರ್ ಮನೆತನದ ಹೆಸರು ಅದು. ಆ ಮನೆಯ ಡಾನ್ ಯೆಂಕೋ ತಾವೇ ರೇಸ್ ಓಡಿಸುತ್ತಿದ್ದವರು. ಕಮಾರೋಗೆ ಇನ್ನೂ ದೊಡ್ಡ ಎಂಜಿನ್ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. ಆದರೆ ಕಮಾರೋದಂಥ ಕಾರಿಗೆ 400 ಘನ ಇಂಚು ದಾಟಿದ ಎಂಜಿನ್ ಹಾಕುವ ಹಾಗಿಲ್ಲ ಅಂತ ಷೆವ್ರೊಲೆಯ ಒಡೆಯ ಕಂಪನಿ ಜನರಲ್ ಮೋಟರ್ಸ್ ನಿಯಮ ಮಾಡಿತ್ತು. ಅದಕ್ಕೆ 1967ರಲ್ಲಿ ಯೆಂಕೋ ಮಂದಿ ತಮ್ಮ ಷೆಡ್ಡಿನಲ್ಲೇ 396ರ ಎಂಜಿನ್ ಇಳಿಸಿ 427 ಕೂರಿಸಿದರು.

ಹೀಗೆ ಒಂದೊಂದೇ ಕಾರು ಬಿಚ್ಚಿ ಕಟ್ಟುವುದು ಜಾಸ್ತಿ ಕೆಲಸ ಅಲ್ವಾ? ಅಲ್ಲಿಗೆ ಇನ್ನೊಂದು ಪದ ಬರುತ್ತದೆ: ಕೋಪೋ. ಸೆಂಟ್ರಲ್ ಆಫೀಸ್ ಪ್ರೊಡಕ್ಷನ್ ಆರ್ಡರ್ ಅನ್ನುವುದರ ಮೊದಲಕ್ಷರಗಳು. ಟ್ಯಾಕ್ಸಿಯವರೋ ಪೊಲೀಸರೋ ಒಟ್ಟಿಗೆ ಗಾಡಿ ತರಿಸುವಾಗ ಕ್ಯಾಟಲಾಗಿನಲ್ಲಿ ಇಲ್ಲದ್ದನ್ನು ಕೇಳಲು ಇದ್ದ ದಾರಿ ಇದು. 1969ರಲ್ಲಿ ಇದೇ ದಾರಿಯಲ್ಲಿ, 9561 ಅನ್ನುವ ಆರ್ಡರಿನ ಮೇಲೆ, ಫ್ಯಾಕ್ಟರಿಯವರೇ 427 ಎಂಜಿನ್ ಹಾಕಿ ಕಳಿಸಿದರು. ಕಂಪನಿ ಲೆಕ್ಕದಲ್ಲಿ 425 ಹಾರ್ಸ್‌ಪವರ್.

ನನಗೆ ತುಂಬಾ ಹಿಡಿಸುವ ಸಂಗತಿ ಇಲ್ಲಿದೆ. ಫ್ಯಾಕ್ಟರಿ ಬಿಟ್ಟಾಗ ಆ ಕಾರಿನ ಮೇಲೆ 427 ಅಂತ ಎಲ್ಲೂ ಬರೆದಿರಲಿಲ್ಲ. ನೋಡಲು ತೀರಾ ಸಾದಾ ಕಮಾರೋ. ಪಕ್ಕದ ಪಟ್ಟಿ, 427 ಅಂಕಿ, ತಲೆದಿಂಬಿನ ಎಸ್‌ವೈಸಿ ಎಲ್ಲವೂ ಕ್ಯಾನನ್ಸ್‌ಬರ್ಗ್‌ನಲ್ಲಿ ಹತ್ತಿದವು. ಅದೇ ಆರ್ಡರಿನ ಕಾರು ಬೇರೆ ಡೀಲರುಗಳಿಗೂ ಹೋಯಿತು. ಎಂಜಿನ್ ಅದೇ. ಆದರೆ ಯೆಂಕೋ ಅನ್ನುವ ಹೆಸರು ಅವಕ್ಕಿಲ್ಲ. ಅಂದರೆ ಕೋಪೋ ಅನ್ನುವುದು ಕಾರು ಹುಟ್ಟಿದ ಬಗೆ, ಯೆಂಕೋ ಅನ್ನುವುದು ಅದು ಹಾದುಬಂದ ಅಂಗಡಿ.

ಹೆಸರಿಡುವುದರಲ್ಲಿ ಬೇರೆ ಡೀಲರುಗಳೂ ಹಿಂದೆ ಬಿದ್ದವರಲ್ಲ. ಷಿಕಾಗೋದ ನಿಕಿ ಷೆವ್ರೊಲೆಯವರು ತಮ್ಮ ಹೆಸರಿನ 'ಕೆ' ಅಕ್ಷರವನ್ನೇ ತಿರುಗಿಸಿ ಹಾಕಿದರು. ಮಿಷಿಗನ್ನಿನ ರಾಯಲ್ ಪಾಂಟಿಯಾಕ್‌ನವರದು ಇನ್ನೂ ಚೆಂದ. ತಾವು ಮಾರುತ್ತಿದ್ದ ಪಾಂಟಿಯಾಕ್ ಕಂಪನಿಯ ಬಾನ್ನೆವಿಲ್, ಕ್ಯಾಟಲಿನಾ ಕಾರುಗಳ ಹೆಸರಿನ ಲೋಹದ ಅಕ್ಷರಗಳನ್ನು ತೆಗೆದು ಬೇರೆ ಥರ ಜೋಡಿಸಿ 'ಬಾಬ್‌ಕ್ಯಾಟ್' ಅಂತ ಮಾಡಿದರು. ಕಂಪನಿಯ ಅಕ್ಷರಗಳು, ಡೀಲರ್ ಕೊಟ್ಟ ಹೆಸರು!

ಈಗ ಎಸ್‌ವೈಸಿ ಸ್ಟಿಕ್ಕರ್ ಯಾರು ಬೇಕಾದರೂ ಕೊಂಡು ಅಂಟಿಸಬಹುದು. ಮೆಚ್ಚುಗೆಯಿಂದ ಅಂಟಿಸಿ, ಇದು ನಕಲು ಅಂತ ಹೇಳಿದರೆ ಅದನ್ನು ಟ್ರಿಬ್ಯೂಟ್ ಅಥವಾ ಕ್ಲೋನ್ ಅನ್ನುತ್ತಾರೆ. ಹೇಳದೆ ಮಾರಿದರೆ ಅದು ಮೋಸವೇ. ಷಾಸಿ ನಂಬರ್ ಇಲ್ಲಿ ಸಾಲದು. 1969ರ ಕಮಾರೋದಲ್ಲಿ ಅದು ಎಂಜಿನ್ ಆರು ಸಿಲಿಂಡರೋ ಎಂಟೋ ಅನ್ನುವಷ್ಟನ್ನೇ ಹೇಳುತ್ತದೆ. ಹಾಗಾಗಿ ಬಲ್ಲವರು ಬಾನೆಟ್ ಎತ್ತಿ ಎಂಜಿನ್ ಬ್ಲಾಕಿನ ಮೇಲೆ ಒತ್ತಿರುವ ನಂಬರ್ ಓದುತ್ತಾರೆ. ಆಮೇಲೆ ಡೀಲರಿನ ಹಳೇ ಇನ್‌ವಾಯ್ಸ್ ಕೇಳುತ್ತಾರೆ.