ನೂರಕ್ಕೆ ಎಂಬತ್ತೆರಡು ಗೆದ್ದವರ ಲೆಕ್ಕ

ಜುಲೈ ತಿಂಗಳು ಬಂತೆಂದರೆ ಕೋಲಾರದ ನನ್ನ ಕಚೇರಿಯ ಮೇಜಿನ ಮೇಲೆ ಷೇರುಪೇಟೆಯ ವಹಿವಾಟಿನ ಹಾಳೆಗಳು ಬಂದು ಬೀಳುತ್ತವೆ. ಹಿಂದೆ ರೇಷ್ಮೆ, ಮಂಡಿ, ಮನೆ ಬಾಡಿಗೆಗಳ ಲೆಕ್ಕ ತರುತ್ತಿದ್ದವರ ಮಕ್ಕಳು, ನರಸಾಪುರದ ಕಾರ್ಖಾನೆಗಳಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಯುವಕರು, ಬಂಗಾರಪೇಟೆಯಲ್ಲಿ ರೈಲು ಹತ್ತಿ ಬೆಂಗಳೂರಿಗೆ ಹೋಗಿಬರುವವರು, ಎಲ್ಲರ ಕೈಯಲ್ಲೂ ಈಗ ಆಪ್ಷನ್ಸ್‌ನ, ಅಂದರೆ ಗೊತ್ತಾದ ಬೆಲೆಗೆ ಮುಂದೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವಹಿವಾಟಿನ, ಲಾಭ-ನಷ್ಟದ ಪಟ್ಟಿ ಇರುತ್ತದೆ. ನಾನು ಅದನ್ನು ಬಿಡಿಸುವ ಮೊದಲೇ ಒಂದು ಮಾತು ಬಂದಿರುತ್ತದೆ: “ಸಾರ್, ನನ್ನ ಸಿಸ್ಟಮ್ ನೂರಕ್ಕೆ ಎಂಬತ್ತೆರಡು ಸಲ ಗೆಲ್ಲುತ್ತೆ.” ಸಿಸ್ಟಮ್ ಎಂದರೆ ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು ಎಂದು ಹೇಳುವ ನಿಯಮಗಳ ಕಟ್ಟು. ಸಂಖ್ಯೆ ಎಪ್ಪತ್ತೈದೋ ತೊಂಬತ್ತೋ ಇರಬಹುದು, ದನಿಯಲ್ಲಿನ ಹೆಮ್ಮೆ ಮಾತ್ರ ಬದಲಾಗದು. ಈ ಮಾತನ್ನು ಕೇಳಿ ಕೇಳಿ ಸಾಕಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಲೆಕ್ಕಪರಿಶೋಧಕನೇ ಹೊರತು ಷೇರುಪೇಟೆಯ ನಿಯಂತ್ರಣ ಸಂಸ್ಥೆಯಾದ ಸೆಬಿಯಲ್ಲಿ ನೋಂದಾಯಿತನಾದ ಹೂಡಿಕೆ ಸಲಹೆಗಾರನಲ್ಲ. ಯಾವ ಸಿಸ್ಟಮ್ ಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂದು ಹೇಳುವ ಅಧಿಕಾರ ನನಗಿಲ್ಲ. ಆದರೆ ನಡೆದುಹೋದ ವಹಿವಾಟಿನ ಲೆಕ್ಕವನ್ನು ಓದುವುದು ನನ್ನ ಕಸುಬು, ಮತ್ತು ಆ ಓದಿನಲ್ಲಿ ‘ಎಷ್ಟು ಸಲ ಗೆದ್ದೆ’ ಎಂಬುದು ಬಹುತೇಕ ಏನನ್ನೂ ತಿಳಿಸದ ಅಂಕಿ.

ನೂರು ವಹಿವಾಟುಗಳ ಒಂದು ಪಟ್ಟಿಯನ್ನೇ ತೆಗೆದುಕೊಳ್ಳೋಣ. ಎಂಬತ್ತೆರಡು ಗೆಲುವು, ಒಂದೊಂದರಲ್ಲಿ ಸರಾಸರಿ 600 ರೂಪಾಯಿ, ಒಟ್ಟು 49,200. ಹದಿನೆಂಟು ಸೋಲು, ಒಂದೊಂದರಲ್ಲಿ ಸರಾಸರಿ 2,700, ಒಟ್ಟು 48,600. ಉಳಿದದ್ದು 600 ರೂಪಾಯಿ. ಇನ್ನು ಬ್ರೋಕರೇಜ್, ಅದರ ಮೇಲೆ ಶೇ 18ರ ಜಿಎಸ್‌ಟಿ, ವಿನಿಮಯ ಕೇಂದ್ರದ ಶುಲ್ಕ, ಷೇರು ವಹಿವಾಟಿನ ತೆರಿಗೆಯಾದ ಎಸ್‌ಟಿಟಿ ಎಲ್ಲ ಸೇರಿ ಕೊಂಡು ಮಾರುವ ಒಂದು ಸುತ್ತಿಗೆ 65 ರೂಪಾಯಿ ಎಂದು ಹಿಡಿದರೆ ನೂರು ಸುತ್ತಿಗೆ 6,500. ಅಲ್ಲಿಗೆ ನೂರಕ್ಕೆ ಎಂಬತ್ತೆರಡು ಸಲ ಗೆದ್ದ ವ್ಯಕ್ತಿ 5,900 ರೂಪಾಯಿ ಕಳೆದುಕೊಂಡಿದ್ದಾನೆ. ಇದನ್ನು ಕಾಗದದ ಮೇಲೆ ಕೂಡಿ ಕಳೆದು ತೋರಿಸಿದಾಗಲೂ ಎದುರಿಗೆ ಕುಳಿತವರು ಒಪ್ಪುವುದಿಲ್ಲ. “ಆ ಹದಿನೆಂಟು ಸರಿಹೋದರೆ ಆಯ್ತಲ್ಲ ಸಾರ್” ಎನ್ನುತ್ತಾರೆ.

ಆ ಹದಿನೆಂಟು ಅಷ್ಟು ದೊಡ್ಡವಾಗಿರುವುದರಿಂದಲೇ ಎಂಬತ್ತೆರಡು ಗೆಲುವು ಸಿಕ್ಕಿದೆ ಎಂಬುದು ತಿಳಿಯಬೇಕಾದ ವಿಷಯ. ಲಾಭ ತುಸು ಕಂಡೊಡನೆ ಕೈಗೆ ತೆಗೆದುಕೊಂಡು, ನಷ್ಟವನ್ನು ‘ತಿರುಗುತ್ತೆ’ ಎಂದು ಹಾಗೇ ಬಿಟ್ಟುಕೊಂಡರೆ ಗೆಲುವಿನ ಸಂಖ್ಯೆಯನ್ನು ಬೇಕಾದಷ್ಟು ಏರಿಸಬಹುದು. ಮುಚ್ಚದೆ, ಅಂದರೆ ವಹಿವಾಟನ್ನು ಮುಗಿಸದೆ, ಉಳಿದ ನಷ್ಟ ಪಟ್ಟಿಯಲ್ಲಿ ಕಾಣುವುದೇ ಇಲ್ಲ. ಕಳೆದ ವರ್ಷ ಒಬ್ಬ ಶಿಕ್ಷಕರು ಒಂದೂ ಸೋಲಿಲ್ಲದ ಮೂರು ತಿಂಗಳ ಪಟ್ಟಿ ತಂದಿದ್ದರು. ಮುಚ್ಚದ ವಹಿವಾಟುಗಳನ್ನು ಅಂದಿನ ಬೆಲೆಗೆ ಹಾಕಿ ನೋಡಿದರೆ ಮೂರು ತಿಂಗಳ ಲಾಭದ ಎರಡರಷ್ಟು ನಷ್ಟ ಅಲ್ಲಿ ಕುಳಿತಿತ್ತು. ಒಳ್ಳೆಯ ಮನುಷ್ಯರು, ಗಣಿತದ ಮೇಷ್ಟ್ರು ಬೇರೆ!

ಆಪ್ಷನ್ ಮಾರಿ ಅದರ ಬೆಲೆಯಾದ ಪ್ರೀಮಿಯಂ ಗಳಿಸುವ ಸಿಸ್ಟಮ್‌ಗಳಲ್ಲಿ ಈ ಮೋಸ ಇನ್ನೂ ನಯವಾದದ್ದು. ತಿಂಗಳುಗಟ್ಟಲೆ ಸಣ್ಣ ಸಣ್ಣ ಆದಾಯ ಬರುತ್ತಲೇ ಇರುತ್ತದೆ. ಆಮೇಲೆ ಲೋಕಸಭಾ ಚುನಾವಣೆಯ ಮತ ಎಣಿಕೆ ನಡೆದ 2024ರ ಜೂನ್ 4ರಂಥ ದಿನ ಬರುತ್ತದೆ. ಅಂದು ಷೇರುಪೇಟೆಯ ಸೂಚ್ಯಂಕ ನಿಫ್ಟಿ ಸುಮಾರು ಶೇ 6ರಷ್ಟು ಬಿತ್ತು. 2020ರ ಮಾರ್ಚ್ 23ರಂದಾದರೆ ಸುಮಾರು ಶೇ 13. ಕೂಡಿಟ್ಟ ಆ ಆದಾಯವನ್ನೆಲ್ಲ ಇಂಥ ಒಂದೇ ದಿನ ನುಂಗಿಬಿಡಬಹುದು. ಅಂಥ ಒಂದು ದಿನವೂ ಸೇರದ ಆರು ತಿಂಗಳ ಫಲಿತಾಂಶವನ್ನು ಮುಂದಿಟ್ಟು ಸಿಸ್ಟಮ್ ಗಟ್ಟಿಯಾಗಿದೆ ಎನ್ನುವುದು, ಮಳೆಗಾಲ ಕಾಣದ ಕೆರೆ ಕಟ್ಟೆಯನ್ನು ಹೊಗಳಿದಂತೆ.

ನಮ್ಮ ಊರಿನವರಿಗೆ ಇದು ಅರ್ಥವಾಗುವುದಿಲ್ಲ ಎಂದರೆ ನನಗೆ ನಂಬಿಕೆ ಬಾರದು, ಏಕೆಂದರೆ ಟೊಮೆಟೊ ಬೆಳೆಯುವವರಿಗೆ ಇದೇ ಲೆಕ್ಕ ಕರತಲಾಮಲಕ. ಹಾಕಿದ ಅಸಲೂ ಬಾರದ ಬೆಳೆಗಳು ಎಷ್ಟೋ. ಆದರೆ 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ. ಪೆಟ್ಟಿಗೆ 2,000 ರೂಪಾಯಿ ದಾಟಿದಾಗ ತೋಟದಲ್ಲಿ ಹಣ್ಣಿದ್ದವರು ಹಳೆಯ ಸಾಲವನ್ನೆಲ್ಲ ತೀರಿಸಿಕೊಂಡರು. ಆ ರೈತನನ್ನು ಯಾರೂ ‘ಹತ್ತು ಬೆಳೆಯಲ್ಲಿ ಎಷ್ಟು ಗೆದ್ದೆ’ ಎಂದು ಕೇಳುವುದಿಲ್ಲ. ಕಮಿಷನ್, ಹಮಾಲಿ, ಲಾರಿ ಬಾಡಿಗೆ ಕಳೆದು ಕೈಗೆ ಬಂದದ್ದೆಷ್ಟು, ನಡುವೆ ಎಷ್ಟು ಸಾಲವಾಗಿತ್ತು ಎಂದು ಕೇಳುತ್ತಾರೆ. ಸಿಸ್ಟಮ್‌ಗೂ ಕೇಳಬೇಕಾದವು ಈ ಎರಡೇ: ಖರ್ಚು ಕಳೆದು ಒಂದು ವಹಿವಾಟಿಗೆ ಸರಾಸರಿ ಉಳಿದದ್ದೆಷ್ಟು, ಮತ್ತು ಬಂಡವಾಳ ತನ್ನ ಅತಿ ಎತ್ತರದಿಂದ ಗರಿಷ್ಠ ಎಷ್ಟು ಕೆಳಗಿಳಿಯಿತು. ಈ ಎರಡನೆಯದನ್ನೇ ಡ್ರಾಡೌನ್ ಎನ್ನುತ್ತಾರೆ. ಶೇ 20ರಷ್ಟು ಇಳಿದ ಬಂಡವಾಳ ಮೊದಲಿನ ಮಟ್ಟಕ್ಕೆ ಬರಲು ಶೇ 25 ಏರಬೇಕು; ಅರ್ಧಕ್ಕೆ ಇಳಿದದ್ದು ಇಮ್ಮಡಿಯಾಗಬೇಕು.

ಖರ್ಚಿನ ವಿಷಯದಲ್ಲಿ ಉದಾಸೀನ ಮಾಡುವವರು ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಬಹುದು. 2021-22ರಿಂದ ಮೂರು ಆರ್ಥಿಕ ವರ್ಷಗಳಲ್ಲಿ ಫ್ಯೂಚರ್ಸ್ (ಮುಂದಿನ ದಿನದ ವಹಿವಾಟಿಗೆ ಈಗಲೇ ಬೆಲೆ ಗೊತ್ತುಮಾಡುವ ಒಪ್ಪಂದ) ಮತ್ತು ಆಪ್ಷನ್ಸ್‌ನಲ್ಲಿ ತೊಡಗಿದ ಒಂದು ಕೋಟಿಗೂ ಹೆಚ್ಚು ವ್ಯಕ್ತಿಗಳಲ್ಲಿ ಶೇ 93 ಮಂದಿಗೆ ನಷ್ಟವಾಗಿತ್ತು. 2023-24ರಲ್ಲಿ ವಹಿವಾಟಿನ ಖರ್ಚೇ ತಲೆಗೆ ಸರಾಸರಿ 26,000 ರೂಪಾಯಿ. ಇವರೆಲ್ಲ ದಡ್ಡರೆಂದು ನಾನು ಭಾವಿಸುವುದಿಲ್ಲ. ಅವರಲ್ಲಿ ಅನೇಕರ ಬಳಿಯೂ ನೂರಕ್ಕೆ ಎಂಬತ್ತರ ಸಿಸ್ಟಮ್ ಇದ್ದಿರಬೇಕು.

ಇನ್ನು ಸಿಸ್ಟಮ್ ಮೇಲೆ ನಿಗಾ ಇಡುವ ಕ್ರಮ. ನೂರಕ್ಕೆ 60 ಸಲ ನಿಜವಾಗಿಯೂ ಗೆಲ್ಲುವ ಸಿಸ್ಟಮ್ ಕೂಡ ಮೂವತ್ತು ವಹಿವಾಟುಗಳ ಒಂದು ಕಂತಿನಲ್ಲಿ ಶೇ 43ನ್ನೋ ಶೇ 77ನ್ನೋ ತೋರಿಸಿದರೆ ಆಶ್ಚರ್ಯಪಡಬೇಕಾಗಿಲ್ಲ. ಹಾಗೆಯೇ ಇನ್ನೂರು ವಹಿವಾಟುಗಳಲ್ಲಿ ಒಮ್ಮೆಯಾದರೂ ಸತತ ಐದು ಸೋಲು ಬರುವ ಸಾಧ್ಯತೆ, ಬಾರದಿರುವ ಸಾಧ್ಯತೆಗಿಂತ ಹೆಚ್ಚು. ನಮ್ಮವರು ಮೂರನೆಯ ಸೋಲಿಗೇ ಸಿಸ್ಟಮ್ ಕೆಟ್ಟಿತೆಂದು ಸೆಟ್ಟಿಂಗ್ ಬದಲಿಸುತ್ತಾರೆ, ಬದಲಿಸಿದ ಮೇಲೂ ಹಳೆಯ ಪಟ್ಟಿಗೇ ಹೊಸ ಫಲಿತಾಂಶವನ್ನು ಜೋಡಿಸುತ್ತಾರೆ. ನಿಯಮ ಬದಲಾದ ದಿನದಿಂದ ಅದು ಬೇರೆ ಸಿಸ್ಟಮ್. ಅದಕ್ಕೆ ಹೊಸ ಪುಟ ಬೇಕು. ಎಲ್ಲಿಗೆ ಇಳಿದರೆ ನಿಲ್ಲಿಸಬೇಕು ಎಂಬುದನ್ನು ಹಣ ಹಾಕುವ ಮೊದಲೇ, ಮನಸ್ಸು ತಣ್ಣಗಿರುವಾಗ, ಬರೆದಿಡಬೇಕು. ಬ್ಯಾಕ್‌ಟೆಸ್ಟ್‌ನಲ್ಲಿ, ಅಂದರೆ ಹಳೆಯ ಬೆಲೆಗಳ ಮೇಲೆ ಸಿಸ್ಟಮ್ ಓಡಿಸಿ ನೋಡಿದ ಪರೀಕ್ಷೆಯಲ್ಲಿ, ಕಂಡ ಗರಿಷ್ಠ ಇಳಿತದ ಒಂದೂವರೆ ಪಟ್ಟನ್ನು ಕೆಲವರು ಗಡಿಯಾಗಿ ಇಟ್ಟುಕೊಳ್ಳುತ್ತಾರೆ. ಅದು ರೂಢಿಯ ಲೆಕ್ಕವಷ್ಟೆ, ಶಾಸನವಲ್ಲ. ಬ್ಯಾಕ್‌ಟೆಸ್ಟ್ ತೋರಿಸಿದ ಬೆಲೆಗೂ ಬ್ರೋಕರ್ ಕಳುಹಿಸುವ ವಹಿವಾಟಿನ ಚೀಟಿಯಾದ ಕಾಂಟ್ರಾಕ್ಟ್ ನೋಟ್‌ನಲ್ಲಿರುವ ಬೆಲೆಗೂ ಇರುವ ಅಂತರವನ್ನು ಪ್ರತಿ ವಾರ ಬರೆದುಕೊಂಡರೆ, ಸಿಸ್ಟಮ್ ಸೊರಗುತ್ತಿರುವುದು ಲಾಭದ ಅಂಕಿಗಿಂತ ಮೊದಲು ಅಲ್ಲೇ ಕಾಣಬಹುದು.

ಖಾತೆಗೆ ಹೊಸದಾಗಿ ಹಾಕಿದ ಹಣವನ್ನು ಬೇರೆ ಬರೆಯಬೇಕೆಂಬುದನ್ನೂ ಹೇಳಬೇಕಾಗಿ ಬಂದದ್ದು ನನಗೆ ಬೇಸರ ತಂದಿದೆ. ನಾಲ್ಕು ಲಕ್ಷ ಆರು ಲಕ್ಷವಾಯಿತೆಂದು ಸಂಭ್ರಮಿಸಿದ ಒಬ್ಬರು, ನಡುವೆ ಹೆಂಡತಿಯ ಚೀಟಿ ಹಣ ಎರಡೂವರೆ ಲಕ್ಷವನ್ನು ಅದಕ್ಕೇ ಸೇರಿಸಿದ್ದನ್ನು ಮರೆತಿದ್ದರು. ನಷ್ಟವಾದವರು ನಾಚಿಕೊಂಡು ರಿಟರ್ನ್ ಸಲ್ಲಿಸದೆ ಉಳಿಯುವುದು ಇನ್ನೊಂದು ತಪ್ಪು. ಫ್ಯೂಚರ್ಸ್-ಆಪ್ಷನ್ಸ್ ನಷ್ಟವನ್ನು ಮುಂದಿನ 8 ವರ್ಷ ಸಾಗಿಸಬಹುದು, ಆದರೆ ಗಡುವಿನೊಳಗೆ ಸಲ್ಲಿಸಿದವರಿಗೆ ಮಾತ್ರ.

ನರಸಾಪುರದ ಒಬ್ಬ ಹುಡುಗ ನನ್ನ ಬೈಗುಳ ಕೇಳಿಸಿಕೊಂಡು ಇನ್ನೂರು ಪುಟದ ನೋಟ್‌ಬುಕ್ ಕೊಂಡ. ಹೋದ ತಿಂಗಳು ಅದನ್ನು ತಂದು ತೋರಿಸಿದ: ನಲವತ್ತೊಂದು ವಹಿವಾಟು, ಗೆದ್ದದ್ದು ಹದಿನೇಳು, ಖರ್ಚು ಕಳೆದು ಉಳಿದದ್ದು 3,140 ರೂಪಾಯಿ. “ಗೆಲುವು ಕಮ್ಮಿ ಆಗೋಯ್ತು ಸಾರ್, ಈಗ ನಂಬಬಹುದಾ?” ಎಂದು ಸಂಕೋಚದಿಂದ ಕೇಳಿದ. ನಲವತ್ತೊಂದು ಇನ್ನೂ ಸಾಲದು, ಇನ್ನೂರಾಗಲಿ ಎಂದು ಹೇಳಿ ಕಳುಹಿಸಿದ್ದೇನೆ.