ಪದ ಪರಿಚಯ: ಗೆದ್ದಲು

ಮುಂಬೈ, ಪುಣೆಯ ಸೊಸೈಟಿಗಳಲ್ಲಿ ವಾಚ್‌ಮನ್‌ನಿಂದ ಬಡಗಿಯವರೆಗೆ ಎಲ್ಲರ ಬಾಯಲ್ಲೂ ಇದು 'ವಾಳವಿ'. ಹಿಂದಿಯಲ್ಲಿ ದೀಮಕ್. ನಮ್ಮವರಲ್ಲೇ ಬಯಲುಸೀಮೆಯವರು ಗೆದ್ದಲು ಅಂದರೆ, ಕರಾವಳಿ ಮಲೆನಾಡಿನವರು ಒರಲೆ ಅನ್ನುತ್ತಾರೆ. ಇದೇ ಹುಳಕ್ಕೆ ರೆಕ್ಕೆ ಮೂಡಿ ಮೊದಲ ಮಳೆಯ ಸಂಜೆ ದೀಪಕ್ಕೆ ಮುತ್ತಿದರೆ ಅದು ಈಸಲು ಅಥವಾ ಮಳೆಹುಳ. ಇದು ಕಟ್ಟಿದ ಗೂಡು ಹುತ್ತ, ಮರಾಠಿಯಲ್ಲಿ ವಾರೂಳ, ಸಂಸ್ಕೃತದಲ್ಲಿ ವಲ್ಮೀಕ. ಹೆಸರುಗಳು ಇಷ್ಟಿರುವುದರಿಂದ ಈಸಲು ಬೇರೆ, ಗೆದ್ದಲು ಬೇರೆ ಎಂದು ನಂಬಿದವರೂ ಬೇಕಾದಷ್ಟಿದ್ದಾರೆ.

'ಬಿಳಿ ಇರುವೆ' ಎಂಬ ಇನ್ನೊಂದು ಹೆಸರಂತೂ ಶುದ್ಧ ತಪ್ಪು. ಗೆದ್ದಲು ಇರುವೆಯ ನಂಟಲ್ಲ, ಜಿರಳೆಯ ವಂಶದ್ದು. ಕಿಟಕಿಯಲ್ಲಿ ಬಿದ್ದ ರೆಕ್ಕೆಹುಳ ಎರಡರಲ್ಲಿ ಯಾವುದೆಂದು ತಿಳಿಯಲು ಮೈಕಟ್ಟು ನೋಡಬೇಕು. ಇರುವೆಗೆ ಸಣ್ಣ ಸೊಂಟ, ಮೊಣಕೈಯಂತೆ ಮಡಿಚಿದ ಮೀಸೆ, ಮುಂದಿನ ಜೋಡಿ ರೆಕ್ಕೆ ದೊಡ್ಡದು. ಗೆದ್ದಲಿಗೆ ಸೊಂಟವೇ ಇಲ್ಲ, ಮೀಸೆ ಮಣಿ ಪೋಣಿಸಿದಂತೆ ನೇರ, ನಾಲ್ಕೂ ರೆಕ್ಕೆ ಒಂದೇ ಅಳತೆ. ನೆಲದ ಮೇಲೆ ರೆಕ್ಕೆಗಳು ಮಾತ್ರ ರಾಶಿಯಾಗಿ ಉದುರಿದ್ದರೆ ಅದು ಬಹುತೇಕ ಗೆದ್ದಲೇ. ಆದರೆ ಅಷ್ಟಕ್ಕೇ ಗಾಬರಿ ಬೇಡ. ಹೊರಗಿನಿಂದ ದೀಪ ನೋಡಿ ಬಂದವು ಬಹುತೇಕ ಸಾಯುತ್ತವೆ. ಬಾಗಿಲ ಚೌಕಟ್ಟಿನ ಸಂದಿಯಿಂದಲೋ ಗೋಡೆಯ ಬಿರುಕಿನಿಂದಲೋ ಒಳಗಡೆಗೇ ಎದ್ದು ಬಂದರೆ ಮಾತ್ರ ಗೂಡು ಮನೆಯೊಳಗೋ ಮನೆಯಡಿಯಲ್ಲೋ ಇದೆ ಎಂದರ್ಥ.

ಗೆದ್ದಲನ್ನು ಮರ ತಿನ್ನುವ ಹುಳ ಎಂದು ನೆನಪಿಟ್ಟುಕೊಳ್ಳುವುದಕ್ಕಿಂತ ತೇವ ಬಿಟ್ಟು ಬದುಕಲಾರದ ಹುಳ ಎಂದು ನೆನಪಿಟ್ಟುಕೊಂಡರೆ ಉಪಯೋಗ ಹೆಚ್ಚು. ಅದರ ಚರ್ಮ ಎಷ್ಟು ತೆಳುವೆಂದರೆ ಒಣಗಾಳಿಗೆ ಬಿದ್ದರೆ ಬೇಗ ಒಣಗಿ ಸಾಯುತ್ತದೆ. ಗೋಡೆಯ ಮೇಲೆ ಪೆನ್ಸಿಲ್ ದಪ್ಪದ ಮಣ್ಣಿನ ಗೆರೆ ಕಾಣುತ್ತದಲ್ಲ, ಅದು ಮಣ್ಣಿಗೆ ಎಂಜಲು ಕಲಸಿ ಕಟ್ಟಿದ ಸುರಂಗ, ತೇವ ಆರದಂತೆ ಓಡಾಡುವ ದಾರಿ. ರಾಜಸ್ಥಾನದ ಥಾರ್ ಮರುಭೂಮಿಯಲ್ಲೂ ಗೆದ್ದಲಿಗೆ ಬರವಿಲ್ಲ. ಅಲ್ಲಿ ಒಣ ಸಗಣಿ, ಹುಲ್ಲು, ಬೇಲಿಗೂಟಗಳ ಮೇಲೆ ಮಣ್ಣಿನ ಹಾಳೆ ಹೊದೆಸಿ ಅದರಡಿ ಮೇಯುತ್ತದೆ, ಬಿಸಿಲೇರಿದಾಗ ಕೆಳಗಿನ ತಂಪು ಪದರಕ್ಕೆ ಇಳಿಯುತ್ತದೆ. ನೀರು ಸಾಲದೆ ಸೊರಗಿದ ಗಿಡಕ್ಕೆ ಅಲ್ಲಿ ಮೊದಲು ಹತ್ತುವುದೂ ಇದೇ.

ಮುಂಬೈಯಲ್ಲಿ ಇಷ್ಟೆಲ್ಲ ಶ್ರಮ ಬೇಕಿಲ್ಲ. ಸೋರುವ ಬಾತ್‌ರೂಮು, ಜಿನುಗುವ ಪೈಪ್ ಡಕ್ಟು ಸಾಕು. 'ನಮ್ಮದು ನಾಲ್ಕನೇ ಮಹಡಿ, ನೆಲವೇ ತಾಗಿಲ್ಲ' ಎಂಬ ಧೈರ್ಯ ಇಲ್ಲಿ ಕೆಲಸಕ್ಕೆ ಬಾರದು. ಕೊಪ್ಟೊಟರ್ಮಿಸ್ ಎಂಬ ಕುಲದ ಗೆದ್ದಲುಗಳು ಗೋಡೆಯೊಳಗೆ ನೀರಿನ ಆಸರೆ ಸಿಕ್ಕರೆ ನೆಲದ ಸಂಪರ್ಕವಿಲ್ಲದೆಯೂ ಗೂಡು ಕಟ್ಟಿ ಬದುಕಬಲ್ಲವು. ವಾರ್ಡ್‌ರೋಬ್‌ನ ಹಿಂಬದಿ ಬಾತ್‌ರೂಮಿನ ಗೋಡೆಗೆ ತಾಗಿದ್ದರೆ ಮೊದಲು ತಡಕಬೇಕಾದ ಜಾಗ ಅದೇ. ಸೋರಿಕೆ ನಿಲ್ಲಿಸದೆ ಔಷಧಿ ಹೊಡೆಸುವುದು ಹಣ ಚೆಲ್ಲಿದಂತೆ.

ಮಣ್ಣೇ ಇಲ್ಲದೆ ಕುರ್ಚಿಯ ಕೆಳಗೆ ಗಸಗಸೆಯಂಥ ಗಟ್ಟಿ ಕಾಳು ಉದುರುತ್ತಿದ್ದರೆ ಅದು ಒಣಮರದ ಗೆದ್ದಲಿನ ಹಿಕ್ಕೆ. ಭೂತಗನ್ನಡಿಯಲ್ಲಿ ನೋಡಿದರೆ ಕಾಳಿಗೆ ಆರು ಮುಖ ಕಾಣುತ್ತದೆ. ಮೈದಾದಂಥ ನಯವಾದ ಪುಡಿಯಾದರೆ ಗೆದ್ದಲೇ ಅಲ್ಲ, ಕುಟ್ಟೆಹುಳ. ಇವೆರಡಕ್ಕೂ ನೆಲ ಕೊರೆಸಿ ಮದ್ದು ತುಂಬಿಸಿ ಪ್ರಯೋಜನವಿಲ್ಲ, ಮದ್ದು ಆ ಮರದೊಳಗೇ ಹೋಗಬೇಕು.

ಸುರಂಗ ಕಂಡ ಕೂಡಲೇ ಪೊರಕೆ ಎತ್ತಬಾರದು. ನಡುವೆ ಎರಡು ಸೆಂಟಿಮೀಟರ್ ಮಾತ್ರ ಒಡೆದು ಮೂರು ದಿನ ಬಿಟ್ಟು ನೋಡಬೇಕು. ಹಸಿಮಣ್ಣಿನ ತೇಪೆ ಬಿದ್ದಿದ್ದರೆ ಒಳಗೆ ಓಡಾಟವಿದೆ. ಜಿರಳೆ ಸ್ಪ್ರೇ, ಸೀಮೆಎಣ್ಣೆ ಹೊಡೆದರೆ ತಾಗಿದಷ್ಟು ಸಾಯುತ್ತವೆ, ಉಳಿದವು ಆ ದಾರಿ ಬಿಟ್ಟು ಗೋಡೆಯ ಇನ್ನೊಂದು ಮಗ್ಗುಲಿಗೆ ಹೋಗುತ್ತವೆ. ಇಮಿಡಾಕ್ಲೋಪ್ರಿಡ್‌ನಂಥ ಮದ್ದಿನ ಗುಣವೇ ಬೇರೆ. ಗೆದ್ದಲಿಗೆ ಅದರ ಸುಳಿವು ಹತ್ತುವುದಿಲ್ಲ, ಮೈಗೆ ಬಾಯಿಗೆ ಅಂಟಿಸಿಕೊಂಡು ಗೂಡಿಗೆ ಒಯ್ಯುತ್ತದೆ. ಒಂದರ ಬಾಯಿಂದ ಇನ್ನೊಂದಕ್ಕೆ ಉಣಿಸುವ ಅಭ್ಯಾಸ ಇರುವುದರಿಂದ ಮದ್ದು ಹಂಚಿಹೋಗುತ್ತದೆ. ಫಲ ಕಾಣಲು ವಾರಗಳೇ ಬೇಕು.

ಕಟ್ಟಿದ ಮನೆಯ ಗೆದ್ದಲು ನಿವಾರಣೆಗೆ ಭಾರತೀಯ ಮಾನಕ ಐಎಸ್ 6313ರ 3ನೇ ಭಾಗವಿದೆ. ನೆಲಮಹಡಿಯಲ್ಲಿ ರೂಢಿಯ ಕ್ರಮ ಹೀಗೆ: ನೆಲ ಗೋಡೆ ಕೂಡುವಲ್ಲಿ 12 ಮಿಲಿಮೀಟರ್ ತೂತು, 30 ಸೆಂಟಿಮೀಟರಿಗೊಂದು, ಕೆಳಗಿನ ಮಣ್ಣು ಮುಟ್ಟುವವರೆಗೆ. ಮಣ್ಣು ಹೀರುವಷ್ಟು, ಹೆಚ್ಚೆಂದರೆ ತೂತಿಗೊಂದು ಲೀಟರ್ ದ್ರಾವಣ. ಇಮಿಡಾಕ್ಲೋಪ್ರಿಡ್ 30.5 ಎಸ್‌ಸಿ (ಶೇಕಡಾ 30.5 ಮದ್ದಿರುವ, ನೀರಿಗೆ ಬೆರೆಸುವ ಗಟ್ಟಿ ದ್ರವ) ಆದರೆ ಲೀಟರ್ ನೀರಿಗೆ 2.1 ಮಿಲಿಲೀಟರ್. ಈಗ ಲೆಕ್ಕ ಹಾಕಿ: 3 ಮೀಟರ್ ಉದ್ದಗಲದ ಕೋಣೆಯ ಸುತ್ತಳತೆ 12 ಮೀಟರ್, ತೂತು 40, ದ್ರಾವಣ 40 ಲೀಟರಿನವರೆಗೆ, ಮದ್ದು 84 ಮಿಲಿಲೀಟರ್. ಐದು ಲೀಟರ್ ಕ್ಯಾನ್ ಹಿಡಿದು ಬಂದು ಇಡೀ ಫ್ಲ್ಯಾಟ್ ಮುಗಿಸಿ ಹೋಗುವವನು ಏನು ಮಾಡಿದ ಎಂದು ಬೇರೆ ಹೇಳಬೇಕಿಲ್ಲ. ಮರದ ಚೌಕಟ್ಟಿಗಾದರೆ 6 ಮಿಲಿಮೀಟರ್ ತೂತು, 15 ಸೆಂಟಿಮೀಟರ್ ಅಂತರ, ಕೆಳಮುಖವಾಗಿ 45 ಡಿಗ್ರಿ ಓರೆ, ಎಣ್ಣೆಯಲ್ಲಿ ಕಲಸಿದ ಮದ್ದು.

ಮೇಲಿನ ಮಹಡಿಯಲ್ಲಿ ನೆಲ ಕೊರೆಯಲು ಬಿಡಬೇಡಿ. ಸ್ಲ್ಯಾಬ್ ಕೆಳಗೆ ಮಣ್ಣಿಲ್ಲ, ಬಾತ್‌ರೂಮಿನ ಪಕ್ಕ ವಾಟರ್‌ಪ್ರೂಫಿಂಗ್ ತೂತಾದರೆ ಹೊಸ ಸೋರಿಕೆ, ಅದರ ಹಿಂದೆ ಹೊಸ ಗೆದ್ದಲು. ಗೋವಾದ ಹಳೆಯ ಜಂಬಿಟ್ಟಿಗೆಯ ಮನೆಗಳಲ್ಲಿ ತೊಂದರೆ ಇನ್ನೊಂದು ಬಗೆಯದು. ಕಲ್ಲಿನೊಳಗೇ ಪೊಳ್ಳುಗಳಿರುವುದರಿಂದ ಸುರಂಗ ಹೊರಗೆ ಕಾಣದೆ ನೇರ ಮಾಡಿನ ತೊಲೆಗೆ ಏರುತ್ತದೆ. ತೊಲೆ ಗೋಡೆಗೆ ಕೂರುವ ತುದಿಯನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ಪೊಳ್ಳು ಸದ್ದಿಗೆ ಕಿವಿಗೊಡಬೇಕು.

ಆದರೆ ಅಂಗಳದಾಚೆಯ ಹುತ್ತಕ್ಕೆ ಕೈ ಹಾಕುವುದೇಕೆ? ಗೋವಾದಲ್ಲಿ ಮಳೆಗಾಲದ ಪ್ರಿಯವಾದ ಅಳಂಬಿ, ಅಂದರೆ ಅಣಬೆ, ಏಳುವುದು ಶಿಲೀಂಧ್ರವನ್ನು ಬೆಳೆಸಿ ತಿನ್ನುವ ಗೆದ್ದಲಿನ ಹುತ್ತದ ಮೇಲೇ. ಪುಣೆಯ ಟೆರೇಸ್ ಕುಂಡಗಳಲ್ಲಿ ಗೆದ್ದಲು ಕಂಡರೂ ಅದು ಸಾಮಾನ್ಯವಾಗಿ ಒಣಬೇರು, ತೆಂಗಿನ ನಾರು ತಿನ್ನುತ್ತಿರುತ್ತದೆ. ಕುಂಡ ಬರಿದು ಮಾಡಿ, ನಾರು ತೆಗೆದು, ಮಣ್ಣನ್ನು ತೆಳ್ಳಗೆ ಬಿಸಿಲಿಗೆ ಹರಡಿ, ಹೊಸದಾಗಿ ತುಂಬಿದರೆ ಸಾಕು. ಕುಂಡದಡಿ ಇಟ್ಟಿಗೆ ಚೂರಿಟ್ಟು ಗಾಳಿಯಾಡಲು ಬಿಡಿ. ಕರಿಬೇವು, ತುಳಸಿ, ಮೆಣಸಿನ ಕುಂಡಕ್ಕೆ ಮೇಲೆ ಹೇಳಿದ ಗೋಡೆಯ ಮದ್ದು ಸುತರಾಂ ಬೇಡ: ಅದು ಬೇರಿನಿಂದ ಎಲೆಗೂ ಹೂವಿಗೂ ಏರುತ್ತದೆ, ತಿಂದವರಿಗೂ ಜೇನುನೊಣಕ್ಕೂ ತಲುಪುತ್ತದೆ.