ಹೂಳಿನಲ್ಲಿ 540 ಮಿಲಿಗ್ರಾಂ ಕ್ರೋಮಿಯಂ: ಹೆಚ್ಚೋ ಕಡಿಮೆಯೋ?

ಪ್ರಶ್ನೆ: ನಮ್ಮೂರ ಹೊಳೆಯ ಹೂಳನ್ನು ಪರೀಕ್ಷೆಗೆ ಕೊಟ್ಟಿದ್ದೆವು. ಕಿಲೋಗೆ 540 ಮಿಲಿಗ್ರಾಂ ಕ್ರೋಮಿಯಂ ಇದೆಯಂತೆ. ಇದು ಹೆಚ್ಚಾಯಿತೇ? ಹೂಳನ್ನು ಹೊಲಕ್ಕೆ ಹೊಡೆಸಬಹುದೇ?

ಉತ್ತರ: ನಿಮ್ಮೂರು ಯಾವುದೆಂದು ತಿಳಿಯದೆ ಮೊದಲ ಪ್ರಶ್ನೆಗೆ ಉತ್ತರವಿಲ್ಲ. ನುಣುಚಿಕೊಳ್ಳುತ್ತಿಲ್ಲ, ಲೆಕ್ಕವೇ ಹಾಗಿದೆ.

ಹೂಳನ್ನು ಪರೀಕ್ಷಿಸಿದ್ದು ಒಳ್ಳೆಯದೇ ಆಯಿತು. ಲೋಹಗಳು ಜೇಡಿಯ ನುಣ್ಣನೆ ಕಣಗಳಿಗೆ ಅಂಟಿ ತಳ ಸೇರುತ್ತವೆ. ಬೆಂಗಳೂರಿನ ಪೀಣ್ಯದ ಲೋಹಲೇಪನದ ತೊಳೆನೀರು ಇಂದು ರಾತ್ರಿ ವೃಷಭಾವತಿ ಹೊಳೆಗೆ ಹರಿದರೆ ನಾಡಿದ್ದು ತುಂಬಿದ ನೀರಿನ ಬಾಟಲಿಯಲ್ಲಿ ಅದರ ಸುಳಿವು ಸಿಗದಿರಬಹುದು. ಕೆಳಗಿನ ಬೈರಮಂಗಲ ಕೆರೆಯ ತಳದಲ್ಲಿ ಮಾತ್ರ ಅದು ಪದರ ಪದರವಾಗಿ ಕೂರುತ್ತದೆ.

ಆದರೆ ಕಲ್ಲಿನಲ್ಲೂ ಲೋಹವಿದೆ. ಅದಕ್ಕೇ ಜರ್ಮನಿಯ ಭೂವಿಜ್ಞಾನಿ ಮ್ಯುಲರ್ 1969ರಲ್ಲಿ ಒಂದು ಸೂಚ್ಯಂಕ ಕೊಟ್ಟರು. ಆ ನೆಲದ ಸಹಜ ಪ್ರಮಾಣವನ್ನು ಒಂದೂವರೆ ಪಟ್ಟು ಮಾಡಿ, ನಿಮ್ಮ ಅಂಕಿಯನ್ನು ಅದರಿಂದ ಭಾಗಿಸಿ, ಬಂದದ್ದು ಎಷ್ಟು ಸಲ ಇಮ್ಮಡಿಸಿದೆ ಎಂದು ನೋಡುವುದು. ಒಂದೂವರೆ ಏಕೆಂದರೆ, ಕಲ್ಲಿನಿಂದ ಕಲ್ಲಿಗೆ ಇರುವ ಏರಿಳಿತಕ್ಕೆ ಕೊಟ್ಟ ರಿಯಾಯಿತಿ. ಹೂಳೇ ಗಟ್ಟಿಯಾಗಿ ಆದ ಜೇಡಿಕಲ್ಲಿನ (ಶೇಲ್) ಜಾಗತಿಕ ಸರಾಸರಿ ಕ್ರೋಮಿಯಂ ಕಿಲೋಗೆ 90 ಮಿಲಿಗ್ರಾಂ. ಒಂದೂವರೆ ಪಟ್ಟು ಎಂದರೆ 135. ನಿಮ್ಮ 540 ಅದರ ನಾಲ್ಕರಷ್ಟು, ಅಂದರೆ ಎರಡು ಇಮ್ಮಡಿ. ಸೂಚ್ಯಂಕ 2, ಮಧ್ಯಮ ಮಾಲಿನ್ಯ.

ಈಗ ನಿಮ್ಮದು ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಸೀಮೆ ಎಂದಿಟ್ಟುಕೊಳ್ಳಿ. ಅಲ್ಲಿನ ಬೈರಾಪುರದಲ್ಲಿ ಕ್ರೋಮೈಟ್ ಅದಿರನ್ನೇ ತೆಗೆದಿದ್ದಾರೆ. ಅಲ್ಲಿ ಗುಡ್ಡದ ಮಣ್ಣಿನಲ್ಲೇ 500 ಇದ್ದರೆ? 540ನ್ನು 750ರಿಂದ ಭಾಗಿಸಬೇಕು. ಸೂಚ್ಯಂಕ ಸೊನ್ನೆಗಿಂತ ಕೆಳಗಿಳಿಯುತ್ತದೆ. ಅದೇ ಅಂಕಿ, ಆದರೆ ಹೊಳೆಗೆ ಯಾರೋ ಸುರಿದದ್ದೆಂದು ಹೇಳಲಾಗದು. ಜಾಗತಿಕ ಸರಾಸರಿಯೊಂದನ್ನೇ ಹಿಡಿದು ತೀರ್ಪು ಕೊಡುವ ವರದಿಗಳನ್ನು ನಾನು ನಂಬುವುದಿಲ್ಲ. ಊರಿನ ಮೇಲ್ಭಾಗದಲ್ಲಿ, ಚರಂಡಿ ಸೇರುವ ಮುಂಚಿನ ಹೂಳನ್ನೂ ಜೊತೆಗೆ ಕೊಡಿ.

ಅಂದ ಹಾಗೆ, ಹೂಳನ್ನು ಬಗೆದದ್ದು ಯಾವುದರಲ್ಲಿ? ಸ್ಟೀಲ್ ಸೌಟಿನಲ್ಲಾದರೆ ಮತ್ತೊಮ್ಮೆ ತನ್ನಿ, ಪ್ಲಾಸ್ಟಿಕ್ಕಿನದರಲ್ಲಿ. ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಕ್ರೋಮಿಯಂ ಇದೆ. ಎರಡೂ ಮಾದರಿಗಳನ್ನು 63 ಮೈಕ್ರಾನಿನ ನೈಲಾನ್ ಜರಡಿಯಲ್ಲಿ ಸೋಸಿಯೇ ಅಳೆಯಲು ಹೇಳಿ. ಒಂದರಲ್ಲಿ ಮರಳು ಹೆಚ್ಚಿದ್ದರೆ ಹೋಲಿಕೆ ಕೆಡುತ್ತದೆ.

ಇನ್ನು ಹೊಲದ ಮಾತು. ಹೂಳು ಕಪ್ಪಗಿದ್ದು ಕೊಳೆತ ಮೊಟ್ಟೆಯ ವಾಸನೆ ಹೊಡೆಯುತ್ತದೆಯೇ? ಹಾಗಿದ್ದರೆ ತಳದಲ್ಲಿ ಆಮ್ಲಜನಕವಿಲ್ಲ. ಅಲ್ಲಿ ಸತು, ಸೀಸ, ಕ್ಯಾಡ್ಮಿಯಂ ಗಂಧಕದ ಜೊತೆ ಬಿಗಿಯಾಗಿ ಕೂಡಿಕೊಂಡಿರುತ್ತವೆ. ರಂಜಕದ್ದು (ಫಾಸ್ಫರಸ್) ತಿರುಗುಮುರುಗು: ಗಾಳಿಯಿದ್ದಾಗ ಕಬ್ಬಿಣಕ್ಕೆ ಅಂಟಿದ್ದು, ಗಾಳಿ ತಪ್ಪಿದರೆ ಕಳಚಿ ನೀರಿಗೆ ಬರುತ್ತದೆ. ಚರಂಡಿ ಮುಚ್ಚಿದ ಮೇಲೂ ಪಾಚಿ, ಅಂತರಗಂಗೆ ಹಬ್ಬುತ್ತಲೇ ಇರುವುದಕ್ಕೆ ಈ ಹಳೆಯ ಗಂಟೂ ಒಂದು ಕಾರಣ. ಬೆಳೆಗೆ ಬೇಕಾದ ಅದೇ ರಂಜಕದ ಆಸೆಗೆ ಹೂಳನ್ನು ಎತ್ತಿ ದಡದಲ್ಲಿ ಒಣಗಿಸಿದಿರೋ, ಗಾಳಿ ಸೋಕಿ ಗಂಧಕದ ಹಿಡಿತ ಸಡಿಲವಾಗುತ್ತದೆ. ತಳದಲ್ಲಿ ಸುಮ್ಮನಿದ್ದ ಕ್ಯಾಡ್ಮಿಯಂ ಬೇರಿಗೆ ಸಿಗುತ್ತದೆ. ಒಟ್ಟು ಪ್ರಮಾಣದ ಜೊತೆಗೆ ದುರ್ಬಲ ಆಮ್ಲದಲ್ಲಿ ಎಷ್ಟು ಬಿಡುತ್ತದೆ ಎಂದೂ ಪರೀಕ್ಷಿಸಿ, ಅಲ್ಲಿಯವರೆಗೆ ಟ್ರ್ಯಾಕ್ಟರ್ ಕರೆಸಬೇಡಿ.